ಎಮಿಷನ್ ಟೆಸ್ಟ್ ಪಾಸಾದ ಕಾರಿನ ಹೊಗೆಯಲ್ಲೂ ಅಮೋನಿಯಾ: ಅಳೆಯುವುದು ಹೇಗೆ, ಮೊದಲೇ ಹೇಳುವುದು ಹೇಗೆ?

ಪ್ರಶ್ನೆ: ನಾವು ಉಡುಪಿಯ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕೊನೆಯ ವರ್ಷದಲ್ಲಿದ್ದೇವೆ. ಪೆಟ್ರೋಲ್ ಕಾರಿನ ಹೊಗೆಯಲ್ಲಿ ಅಮೋನಿಯಾ ಇರುತ್ತದೆ ಎಂದು ಓದಿ ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡಿದ್ದೇವೆ. ನನ್ನ ತಂದೆಯ 2018ರ ಕಾರಿನ ಸೈಲೆನ್ಸರ್ ಬಾಯಿಗೆ ಎಂಕ್ಯೂ-135 ಸೆನ್ಸರ್ ಕಟ್ಟಿ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ಡಾಂಗಲ್‌ನಿಂದ ಸ್ಪೀಡು, ಆರ್‌ಪಿಎಂ ತೆಗೆದುಕೊಂಡು, ಮೆಷಿನ್ ಲರ್ನಿಂಗ್ ಮೂಲಕ ಅಮೋನಿಯಾ ಎಷ್ಟು ಬರುತ್ತದೆ ಎಂದು ಮೊದಲೇ ಹೇಳುವ ಯೋಚನೆ. ಇದು ಆಗುವ ಕೆಲಸವೇ? ಕಾರು ಎಮಿಷನ್ ಟೆಸ್ಟ್‌ನಲ್ಲಿ ಪ್ರತಿ ಸಲ ಪಾಸಾಗುತ್ತದೆ. ಆದರೆ ಆಗುಂಬೆ ಘಾಟಿ ಹತ್ತಿದ ಮೇಲೆ ಒಮ್ಮೊಮ್ಮೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ಅಮೋನಿಯಾ ಅಂದರೆ ಅದೇನಾ?

ಉತ್ತರ: ವಾಸನೆಯಿಂದಲೇ ಶುರು ಮಾಡೋಣ. ಮಲ್ಪೆ ಬಂದರಿನ ಐಸ್ ಪ್ಲಾಂಟ್‌ನಲ್ಲಿ ಕೆಲಸ ಮಾಡಿದವರನ್ನು ಕೇಳಿ ನೋಡಿ, ಅಮೋನಿಯಾ ಎಂದರೆ ಮೂಗಿನೊಳಗೆ ಚುಚ್ಚಿ ಕಣ್ಣಲ್ಲಿ ನೀರು ತರಿಸುವ ಘಾಟು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು. ಪೆಟ್ರೋಲಿನಲ್ಲಿರುವ ಚೂರುಪಾರು ಗಂಧಕ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಸೇರಿಕೊಂಡಿರುತ್ತದೆ. ಕನ್ವರ್ಟರ್ ಚೆನ್ನಾಗಿ ಕಾದು, ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದಾಗ ಅದು ಆ ರೂಪದಲ್ಲಿ ಹೊರಬೀಳುತ್ತದೆ. ಬಿಎಸ್-4 (ಭಾರತ್ ಸ್ಟೇಜ್ ಮಾನದಂಡ) ಪೆಟ್ರೋಲಿನಲ್ಲಿ ಗಂಧಕದ ಮಿತಿ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಇತ್ತು, 2020ರಲ್ಲಿ ಬಿಎಸ್-6 ಬಂದ ಮೇಲೆ 10 ಪಿಪಿಎಂ. ಆದ್ದರಿಂದ ಈ ವಾಸನೆ ಈಗ ಮೊದಲಿನಷ್ಟಿಲ್ಲ, ಪೂರ್ತಿ ಹೋಗಿಯೂ ಇಲ್ಲ. ನಿಮ್ಮ ಮೂಗಿಗೆ ಬಂದದ್ದು ಅಮೋನಿಯಾ ಅಲ್ಲ. ಆದರೂ ಯಾವ ತಿರುವಿನಲ್ಲಿ, ಯಾವಾಗ ಬಂತು ಎಂದು ಬರೆದಿಟ್ಟುಕೊಳ್ಳಿ. ಏಕೆಂದರೆ ಅದೇ ಹೊತ್ತಿಗೆ, ಅದೇ ಕಾರಣಕ್ಕೆ ಅಮೋನಿಯಾವೂ ಹೊರಡುತ್ತಿರುತ್ತದೆ.

ಪೆಟ್ರೋಲ್ ಎಂಜಿನ್ನಿನ ಒಳಗೆ ಹೇಳಿಕೊಳ್ಳುವಷ್ಟು ಅಮೋನಿಯಾ ಹುಟ್ಟುವುದಿಲ್ಲ. ಹೊಗೆಯನ್ನು ಶುದ್ಧ ಮಾಡಲೆಂದು ಇಟ್ಟ ಕನ್ವರ್ಟರ್‌ನಲ್ಲೇ ಅದು ತಯಾರಾಗುತ್ತದೆ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, ಆಮೇಲೆ ಎಲ್ಲ ಕಡೆ ಬಂತು. ಜೇನುಗೂಡಿನಂಥ ಪಿಂಗಾಣಿ ದಿಮ್ಮಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರಿಕ್ ಆಕ್ಸೈಡ್ ಈ ಮೂರನ್ನೂ ಒಟ್ಟಿಗೆ ಮುಗಿಸುವುದು ಅದರ ಕೆಲಸ. ಗಾಳಿ ಮತ್ತು ಪೆಟ್ರೋಲ್ ಲೆಕ್ಕಕ್ಕೆ ಸರಿಯಾಗಿದ್ದಾಗ, ಅಂದರೆ ಲ್ಯಾಂಬ್ಡಾ 1ರ ಹತ್ತಿರ ಇದ್ದಾಗ, ನೈಟ್ರಿಕ್ ಆಕ್ಸೈಡ್‌ನಲ್ಲಿರುವ ನೈಟ್ರೋಜನ್ ಪರಮಾಣುಗಳು ಒಂದಕ್ಕೊಂದು ಸೇರಿ ನಿರುಪದ್ರವಿ ನೈಟ್ರೋಜನ್ ಆಗಿ ಹೋಗುತ್ತವೆ. ಮಿಶ್ರಣ ತುಸು ರಿಚ್ ಆಯಿತೋ, ಅಂದರೆ ಪೆಟ್ರೋಲ್ ಹೆಚ್ಚಾಯಿತೋ, ಲ್ಯಾಂಬ್ಡಾ 0.98ರ ಆಸುಪಾಸಿಗೆ ಇಳಿಯಿತೋ, ಕಾರ್ಬನ್ ಮೊನಾಕ್ಸೈಡ್ ನೀರಾವಿಯ ಜೊತೆ ವರ್ತಿಸಿ ಕನ್ವರ್ಟರ್‌ನೊಳಗೇ ಹೈಡ್ರೋಜನ್ ಹುಟ್ಟಿಸುತ್ತದೆ. ನೈಟ್ರೋಜನ್ ಪರಮಾಣುವಿಗೆ ಇನ್ನೊಂದು ನೈಟ್ರೋಜನ್ ಸಿಗುವ ಮೊದಲೇ ಮೂರು ಹೈಡ್ರೋಜನ್ ಅಂಟಿಕೊಂಡರೆ ಅದೇ ಅಮೋನಿಯಾ.

ನಿಮ್ಮ ಕಾರು ಎಮಿಷನ್ ಟೆಸ್ಟ್‌ನಲ್ಲಿ ಪಾಸಾಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಈಗ ಗೊತ್ತಾಗಿರಬೇಕು. ಎಮಿಷನ್ ಟೆಸ್ಟ್ ಮಾಡುವ ಪಿಯುಸಿ ಕೇಂದ್ರದಲ್ಲಿ ಕಾರು ನಿಂತಿರುತ್ತದೆ, ಎಂಜಿನ್ ಮೇಲೆ ಭಾರವಿಲ್ಲ, ನೋಡುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಅಮೋನಿಯಾ ಬರುವುದು ಭಾರ ಬಿದ್ದಾಗ. ಕಾನೂನಿನಲ್ಲೂ ಅದಕ್ಕೆ ಜಾಗವಿಲ್ಲ. ಬಿಎಸ್-6ರಲ್ಲಿ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವ ಲಾರಿ, ಬಸ್ಸುಗಳ ಎಂಜಿನ್ನಿಗೆ ಸರಾಸರಿ 10 ಪಿಪಿಎಂ ಮಿತಿ ಇದೆ. ಪೆಟ್ರೋಲ್ ಕಾರಿಗೆ ಮಿತಿಯೇ ಇಲ್ಲ. ಯುರೋಪಿನಲ್ಲಿ 2022ರ ನವೆಂಬರ್‌ನಲ್ಲಿ ವಾಹನದ ಹೊಗೆಯ ಹೊಸ ನಿಯಮವಾದ ಯೂರೋ-7ರ ಪ್ರಸ್ತಾವ ಬಂದಾಗ ಕಾರಿಗೂ ಕಿಲೋಮೀಟರಿಗೆ 20 ಮಿಲಿಗ್ರಾಂ ಎಂದು ಬರೆದಿದ್ದರು. 2024ರಲ್ಲಿ ಅಂತಿಮವಾದ ನಿಯಮದಲ್ಲಿ ಕಾರಿನ ಅಮೋನಿಯಾ ಮಿತಿ ಉಳಿಯಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪಾಯಿತು. ಅಳೆಯಬೇಕೆಂಬ ಒತ್ತಾಯ ಇಲ್ಲದಿದ್ದರೆ ಯಾವ ಕಂಪನಿಯೂ ಅದಕ್ಕಾಗಿ ಎಂಜಿನ್ ಟ್ಯೂನಿಂಗ್ ಬದಲಿಸುವುದಿಲ್ಲ.

ಎಂಕ್ಯೂ-135 ವಿಷಯಕ್ಕೆ ಬರುತ್ತೇನೆ. ಖಂಡಿತ ಬೇಡ. ಅದರ ಕಾಗದದಲ್ಲಿ ಅಮೋನಿಯಾ 10ರಿಂದ 300 ಪಿಪಿಎಂ ಎಂದು ಇರುತ್ತದೆ, ನಿಜ. ಆದರೆ ಅದು ಕಾಯಿಸಿದ ಟಿನ್ ಆಕ್ಸೈಡ್ ತುಂಡು. ಸುಡುವ ಗುಣದ ಯಾವ ಅನಿಲ ತಾಗಿದರೂ ಅದರ ರೋಧ ಬದಲಾಗುತ್ತದೆ, ಆಲ್ಕೋಹಾಲ್ ಇರಲಿ, ಹೊಗೆ ಇರಲಿ. ತೇವಕ್ಕೂ ಬದಲಾಗುತ್ತದೆ, ಮತ್ತು ಪೆಟ್ರೋಲ್ ಹೊಗೆಯಲ್ಲಿ ಎಂಟನೇ ಒಂದು ಪಾಲು ನೀರಾವಿಯೇ. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಮಿಶ್ರಣ ರಿಚ್ ಆದ ಗಳಿಗೆಯಲ್ಲಿ ಅಮೋನಿಯಾದ ಜೊತೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಎಲ್ಲ ಒಟ್ಟಿಗೆ ಏರುತ್ತವೆ. ಸೆನ್ಸರ್ ಅವನ್ನು ನೋಡಿ ಏರುತ್ತದೆ. ನಿಮ್ಮ ಗ್ರಾಫು ಸುಂದರವಾಗಿ ಬರುತ್ತದೆ, ಮಾಡೆಲ್ ಕೂಡ ಚೆನ್ನಾಗಿ ಕಲಿಯುತ್ತದೆ, ವೈವಾದಲ್ಲಿ ಎಲ್ಲರೂ ತಲೆದೂಗುತ್ತಾರೆ. ನೀವು ಅಳೆದದ್ದು ಮಾತ್ರ ಅಮೋನಿಯಾ ಆಗಿರುವುದಿಲ್ಲ.

ಅಮೋನಿಯಾ ಅಂಟುವ ಅನಿಲ. ಅಳತೆಯ ಕಷ್ಟವೆಲ್ಲ ಈ ಗುಣದಿಂದ ಬಂದದ್ದು. ನಾನು ಈ ಕೆಲಸಕ್ಕೆ ಇಳಿದ ಮೊದಲ ದಿನಗಳಲ್ಲಿ ಸೈಲೆನ್ಸರ್‌ನಿಂದ ಉಪಕರಣಕ್ಕೆ ನಾಲ್ಕು ಮೀಟರ್ ಉದ್ದದ ಸಾದಾ ಟ್ಯೂಬು ಹಾಕಿದ್ದೆ. ಎಂಜಿನ್ನಿಗೆ ಎಷ್ಟು ಭಾರ ಕೊಟ್ಟರೂ ಅಮೋನಿಯಾ ಸೊನ್ನೆಯ ಹತ್ತಿರವೇ. ಮಧ್ಯಾಹ್ನದವರೆಗೆ ಉಪಕರಣವನ್ನೇ ಬೈದುಕೊಂಡಿದ್ದೆ. ಆಮೇಲೆ ಟ್ಯೂಬು ಎತ್ತಿದರೆ ಜೋತುಬಿದ್ದ ಕಡೆ ಎರಡು ಚಮಚದಷ್ಟು ನೀರು ನಿಂತಿತ್ತು. ಆ ನೀರನ್ನು ಬಾಟಲಿಗೆ ಸುರಿದು ಕೆಮಿಸ್ಟ್ರಿ ವಿಭಾಗದಲ್ಲಿ ಬಣ್ಣದ ಪರೀಕ್ಷೆ ಮಾಡಿಸಿದಾಗ ದ್ರಾವಣ ಕಡು ನೀಲಿಯಾಯಿತು. ನಾನು ಹುಡುಕುತ್ತಿದ್ದ ಅಮೋನಿಯಾ ಎಲ್ಲ ಆ ಎರಡು ಚಮಚ ನೀರಿನಲ್ಲಿತ್ತು. ಮಾರನೇ ದಿನ ಖಾಲಿ ಗಾಳಿ ಬಿಟ್ಟರೂ ಟ್ಯೂಬಿನ ಗೋಡೆಯಿಂದ ನಿಧಾನವಾಗಿ ಅಮೋನಿಯಾ ಬಿಡುಗಡೆಯಾಗುತ್ತಲೇ ಇತ್ತು.

ಅದಕ್ಕೇ ದೊಡ್ಡ ಪ್ರಯೋಗಾಲಯಗಳಲ್ಲಿ ಹೊಗೆ ಎಳೆಯುವ ಕೊಳವೆಯನ್ನು ಬಿಸಿಯಾಗಿ ಇಡುತ್ತಾರೆ. ಎಫ್‌ಟಿಐಆರ್ ಎಂಬ, ಅವಕೆಂಪು ಬೆಳಕಿನಿಂದ ಅನಿಲಗಳನ್ನು ಗುರುತಿಸುವ ಉಪಕರಣಕ್ಕೆ ಹೋಗುವ ಕೊಳವೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ಎಲ್ಲೂ ನೀರು ಕಟ್ಟಬಾರದು. ಅಮೋನಿಯಾ 10 ಮೈಕ್ರೋಮೀಟರ್ ಆಸುಪಾಸಿನ ಅವಕೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ, ಅಲ್ಲಿ ನೀರಾವಿಯ ಕಾಟ ಕಡಿಮೆ. ಎಫ್‌ಟಿಐಆರ್ ಇರಲಿ, ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ಇರಲಿ, ಹಿಡಿಯುವುದು ಆ ಗುರುತನ್ನೇ. ಲೇಸರನ್ನು ನೇರವಾಗಿ ಹೊಗೆಕೊಳವೆಗೆ ಅಡ್ಡ ಹಾಯಿಸುವ ಉಪಕರಣವೂ ಇದೆ, ಅದಕ್ಕೆ ಟ್ಯೂಬಿನ ತಂಟೆಯೇ ಇಲ್ಲ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೆಡ್‌ಮನ್ ಮತ್ತು ಗ್ಯಾರಿ ಬಿಷಪ್ ಇನ್ನೊಂದು ದಾರಿ ಹಿಡಿದರು. ರಸ್ತೆಯ ಬದಿಯಲ್ಲೇ ನಿಂತು, ಹಾದುಹೋಗುವ ಕಾರಿನ ಹೊಗೆಗೆ ಅತಿನೇರಳೆ ಮತ್ತು ಅವಕೆಂಪು ಬೆಳಕು ಹಾಯಿಸಿ, ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಅನುಪಾತ ತೆಗೆದರು. ಸಾವಿರಾರು ಕಾರುಗಳನ್ನು ಹೀಗೆ ನೋಡಿದಾಗ ಹೊಳೆದ ಸಂಗತಿ ನಿಮಗೆ ಮುಖ್ಯ. ಹೊಸ ಕಾರಿನಲ್ಲಿ ಕಡಿಮೆ, ವಯಸ್ಸಾದಂತೆ ಹೆಚ್ಚು, ತೀರಾ ಹಳೆಯದಾದಾಗ ಮತ್ತೆ ಕಡಿಮೆ. ಕೊನೆಯ ಇಳಿಕೆ ಒಳ್ಳೆಯದಕ್ಕಲ್ಲ. ಕನ್ವರ್ಟರ್ ಸತ್ತುಹೋಗಿ ಅಮೋನಿಯಾ ಮಾಡುವ ಶಕ್ತಿಯೂ ಇಲ್ಲದೆ, ನೈಟ್ರಿಕ್ ಆಕ್ಸೈಡ್ ಹಾಗೇ ಹೊರಹೋಗುತ್ತಿರುತ್ತದೆ.

ನಿಮ್ಮ ಕೈಗೆ ಎಫ್‌ಟಿಐಆರ್ ಸಿಗುವುದು ಕಷ್ಟ. ಹಾಗೆಂದು ಪ್ರಾಜೆಕ್ಟ್ ಬಿಡಬೇಕಿಲ್ಲ. ಹಳೆಯ ಒದ್ದೆ ವಿಧಾನ ಇದೆ, ನಾನು ಅದನ್ನು ಇವತ್ತಿಗೂ ನಂಬುತ್ತೇನೆ. ಹೊಗೆಯನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಗುಳ್ಳೆಗುಳ್ಳೆಯಾಗಿ ಹಾಯಿಸಿ, 0.1 ನಾರ್ಮಲ್ ಸಾಕು. ಅಮೋನಿಯಾ ಪೂರ್ತಿ ಅದರಲ್ಲಿ ಸಿಕ್ಕಿಬೀಳುತ್ತದೆ. ಗಾಜಿನ ಇಂಪಿಂಜರ್ (ಅನಿಲವನ್ನು ದ್ರವದಲ್ಲಿ ಹಾಯಿಸುವ ಬಾಟಲಿ) ಎರಡನ್ನು ಒಂದರ ಹಿಂದೆ ಒಂದು ಜೋಡಿಸಿ, ಐಸ್ ತುಂಬಿದ ಬಕೆಟ್ಟಿನಲ್ಲಿಡಿ. ಎರಡನೆಯ ಬಾಟಲಿಯಲ್ಲೂ ಗಣನೀಯವಾಗಿ ಅಮೋನಿಯಾ ಬಂದರೆ ನೀವು ಎಳೆಯುತ್ತಿರುವ ವೇಗ ಹೆಚ್ಚಾಯಿತು ಎಂದರ್ಥ. ಅದರ ಮುಂದೆ ಸಿಲಿಕಾ ಜೆಲ್, ಆಮೇಲೆ ಪಂಪು, ಕೊನೆಗೆ ಗ್ಯಾಸ್ ಮೀಟರ್. ಸೈಲೆನ್ಸರ್‌ನಿಂದ ಮೊದಲ ಬಾಟಲಿಗೆ ಟ್ಯೂಬು ಸಾಧ್ಯವಾದಷ್ಟು ಗಿಡ್ಡ ಇರಲಿ, ಟೆಫ್ಲಾನ್ ಆಗಿರಲಿ. ಪ್ರತಿ ಓಟ ಮುಗಿದ ಕೂಡಲೇ ಆ ಟ್ಯೂಬನ್ನು ಅದೇ ಆಮ್ಲದಿಂದ ತೊಳೆದು, ತೊಳೆದ ನೀರನ್ನು ಮೊದಲ ಬಾಟಲಿಗೇ ಸೇರಿಸಿ. ನಾನು ಕಳೆದುಕೊಂಡ ಎರಡು ಚಮಚ ನೀವು ಕಳೆದುಕೊಳ್ಳಬಾರದು.

ಆಮೇಲೆ ಇಂಡೋಫಿನಾಲ್ ನೀಲಿ ಪರೀಕ್ಷೆ, ಅಮೋನಿಯಾ ಹೆಚ್ಚಿದ್ದಷ್ಟೂ ನೀಲಿ ಗಾಢ. ನಮ್ಮ ದೇಶದ 2009ರ ವಾಯು ಗುಣಮಟ್ಟ ಮಾನದಂಡದಲ್ಲಿ ಅಮೋನಿಯಾ ಅಳೆಯಲು ಹೇಳಿರುವ ವಿಧಾನಗಳಲ್ಲಿ ಇದೂ ಒಂದು, ನಿಮ್ಮ ಕಾಲೇಜಿನ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲೇ ಓದಬಹುದು. ಫಿನಾಲ್ ಚರ್ಮ ಸುಡುತ್ತದೆ, ಅದರ ಬದಲು ಸೋಡಿಯಂ ಸ್ಯಾಲಿಸಿಲೇಟ್ ಬಳಸುವ ಕ್ರಮವೂ ಇದೆ. ವಿದ್ಯಾರ್ಥಿಗಳಿಗೆ ಅದೇ ಒಳ್ಳೆಯದು. ಪ್ರತಿ ದಿನ ಒಂದು ಖಾಲಿ ಬಾಟಲಿಯನ್ನು ಹೊಗೆ ಹಾಯಿಸದೆ, ಉಳಿದದ್ದೆಲ್ಲ ಒಂದೇ ಥರ ಮಾಡಿ ಪರೀಕ್ಷಿಸಿ. ಕೈಯ ಬೆವರು, ನೆಲ ಒರೆಸುವ ದ್ರವ, ಪಕ್ಕದ ಟಾಯ್ಲೆಟ್ ಯಾವುದರಿಂದಲೂ ಅಮೋನಿಯಾ ಬರಬಹುದು. ನಮ್ಮ ಕರಾವಳಿಯ ಸೆಖೆಯಲ್ಲಿ ಬರಿಗೈಯಿಂದ ಬಾಟಲಿಯ ಮುಚ್ಚಳ ಮುಟ್ಟಿದರೂ ಲೆಕ್ಕ ಕೆಡುತ್ತದೆ.

ಒಂದು ಉದಾಹರಣೆ ಹಾಕಿ ನೋಡೋಣ, ಆಗ ಧೈರ್ಯ ಬರುತ್ತದೆ. ನಿಮಿಷಕ್ಕೆ 1 ಲೀಟರಿನಂತೆ 20 ನಿಮಿಷ ಎಳೆದಿರಿ. ಮೀಟರ್ 20 ಲೀಟರ್ ತೋರಿಸುತ್ತದೆ. ಅದರಲ್ಲಿ ಸರಾಸರಿ 50 ಪಿಪಿಎಂ ಅಮೋನಿಯಾ ಇದ್ದರೆ 1 ಮಿಲಿಲೀಟರ್ ಅನಿಲ, ತೂಕದಲ್ಲಿ ಸುಮಾರು 0.7 ಮಿಲಿಗ್ರಾಂ. 50 ಮಿಲಿಲೀಟರ್ ದ್ರಾವಣದಲ್ಲಿ ಅದು ಲೀಟರಿಗೆ 14 ಮಿಲಿಗ್ರಾಂ ಆಯಿತು. ಇಂಡೋಫಿನಾಲ್‌ಗೆ ಇದು ಹೆಚ್ಚೇ, ಇಪ್ಪತ್ತು ಪಟ್ಟು ತೆಳು ಮಾಡಿ ಓದಬೇಕಾಗುತ್ತದೆ. ಈಗ ಪಿಯುಸಿ ಕೇಂದ್ರದಂಥ ಅನಲೈಸರ್‌ನಿಂದ ಇಂಗಾಲದ ಡೈಆಕ್ಸೈಡ್ ಶೇಕಡಾ 15 ಎಂದು ಸಿಕ್ಕಿತು ಎನ್ನಿ. 20 ಲೀಟರಿನಲ್ಲಿ 3 ಲೀಟರ್, ತೂಕ ಸುಮಾರು 5.4 ಗ್ರಾಂ. ಅಂದರೆ ಪ್ರತಿ ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ 0.13 ಮಿಲಿಗ್ರಾಂ ಅಮೋನಿಯಾ. ಲೀಟರಿಗೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಓಡುವ ಕಾರು ಕಿಲೋಮೀಟರಿಗೆ ಸುಮಾರು 150 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗುಣಿಸಿದರೆ ಕಿಲೋಮೀಟರಿಗೆ 19 ಮಿಲಿಗ್ರಾಂ ಆಸುಪಾಸು. ಯುರೋಪಿನವರು ಇಡಬೇಕೆಂದಿದ್ದ ಗೆರೆಯ ಹತ್ತಿರವೇ ಬಂದು ನಿಂತಿತು ನೋಡಿ. ಎರಡೂ ಅನಿಲವನ್ನು ಒಣ ಲೆಕ್ಕದಲ್ಲೇ ತೆಗೆದುಕೊಂಡದ್ದರಿಂದ ನೀರಾವಿಯ ತಿದ್ದುಪಡಿಯೂ ಬೇಕಾಗಲಿಲ್ಲ.

ಇಲ್ಲಿ ಒಂದು ಗುಂಡಿ ಇದೆ. ಪಂಪು ಒಂದೇ ವೇಗದಲ್ಲಿ ಎಳೆಯುತ್ತದೆ, ಎಂಜಿನ್ ಮಾತ್ರ ಒಂದೇ ವೇಗದಲ್ಲಿ ಹೊಗೆ ಬಿಡುವುದಿಲ್ಲ. ಕಲ್ಸಂಕ ಸಿಗ್ನಲ್ಲಿನಲ್ಲಿ ನಿಂತ ಒಂದು ನಿಮಿಷಕ್ಕೂ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವ ಒಂದು ನಿಮಿಷಕ್ಕೂ ನಿಮ್ಮ ಬಾಟಲಿಯಲ್ಲಿ ಸಮ ಬೆಲೆ. ನಿಜದಲ್ಲಿ ಎರಡನೆಯದರಲ್ಲಿ ಹೊಗೆ ಹಲವು ಪಟ್ಟು. ಆದ್ದರಿಂದ ಓಟವನ್ನು ಒಂದೇ ಬಗೆಯ ತುಂಡುಗಳಾಗಿ ಮಾಡಿ, ತುಂಡಿಗೊಂದು ಜೊತೆ ಬಾಟಲಿ ಇಡಿ. ಕಡಿಯಾಳಿಯಿಂದ ಕುಂಜಿಬೆಟ್ಟಿನವರೆಗೆ ಒಂದು, ಅಲ್ಲಿಂದ ಟೈಗರ್ ಸರ್ಕಲ್‌ವರೆಗಿನ ಏರು ಇನ್ನೊಂದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ವೇಗದ ಓಟ ಮತ್ತೊಂದು. ಏರಿನ ತುಂಡು ಚಿಕ್ಕದಾದರೆ ಅದನ್ನೇ ನಾಲ್ಕೈದು ಸಲ ಹತ್ತಿ, ಇಳಿಯುವಾಗ ಪಂಪು ನಿಲ್ಲಿಸಿ, ಅದೇ ಬಾಟಲಿಯಲ್ಲಿ ಕೂಡಿಸುತ್ತ ಹೋಗಿ.

ಇನ್ನು ಮೊದಲೇ ಹೇಳುವ ವಿಚಾರ. ಸ್ಪೀಡು ಮತ್ತು ಆರ್‌ಪಿಎಂನಿಂದ ಅಮೋನಿಯಾ ಸಿಗುವುದಿಲ್ಲ. 60ರ ವೇಗದಲ್ಲಿ ಸಮವಾಗಿ ಓಡುವ ಕಾರು ಮತ್ತು ಬಸ್ಸನ್ನು ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿ 60ನ್ನು ದಾಟುತ್ತಿರುವ ಕಾರು, ಎರಡರ ಸ್ಪೀಡೂ ಒಂದೇ. ಮೊದಲನೆಯದರಿಂದ ಅಮೋನಿಯಾ ಹೆಚ್ಚೇನೂ ಬರುವುದಿಲ್ಲ, ಎರಡನೆಯದು ಕೆಲವು ಸೆಕೆಂಡಿನಲ್ಲಿ ಆ ಇಡೀ ಓಟದ ಪಾಲನ್ನು ಉಗುಳಿಬಿಡಬಹುದು. ಕನ್ವರ್ಟರ್‌ನಲ್ಲಿ ಏನಾಗುತ್ತಿದೆ ಎಂದು ಹೇಳುವ ಅಂಕಿಗಳು ಬೇಕು, ಅಂಥವು ಒಬಿಡಿಯಲ್ಲಿ ಇವೆ. ಎಲ್ಲಕ್ಕಿಂತ ಬೆಲೆಬಾಳುವುದು ಕನ್ವರ್ಟರ್‌ನ ಹಿಂದಿರುವ ಎರಡನೇ ಆಕ್ಸಿಜನ್ ಸೆನ್ಸರ್, ಒಬಿಡಿಯಲ್ಲಿ ಹೆಕ್ಸಾಡೆಸಿಮಲ್ 15 ಎಂಬ ಸಂಖ್ಯೆ. ಕನ್ವರ್ಟರ್‌ನೊಳಗಿನ ಸೀರಿಯಂ ಆಕ್ಸೈಡ್ ಸ್ವಲ್ಪ ಆಮ್ಲಜನಕವನ್ನು ಕೂಡಿಟ್ಟುಕೊಂಡಿರುತ್ತದೆ. ಮಿಶ್ರಣ ಒಂದೆರಡು ಗಳಿಗೆ ರಿಚ್ ಆದರೆ ಆ ದಾಸ್ತಾನು ಸಂಭಾಳಿಸುತ್ತದೆ. ದಾಸ್ತಾನು ಮುಗಿದಾಗ ಹಿಂದಿನ ಸೆನ್ಸರ್ 0.8 ವೋಲ್ಟ್‌ನ ಮೇಲೆ ಹೋಗಿ ನಿಲ್ಲುತ್ತದೆ, ಅಮೋನಿಯಾ ದಾಟಿ ಬರುವುದೂ ಆಗಲೇ. ಇದರ ಜೊತೆ ಎಂಜಿನ್ ಭಾರ, ಒಳಗೆ ಹೋಗುವ ಗಾಳಿಯ ಪ್ರಮಾಣ, ಎಂಜಿನ್ ಕಂಪ್ಯೂಟರ್ ಕೇಳುತ್ತಿರುವ ಲ್ಯಾಂಬ್ಡಾ, ಕನ್ವರ್ಟರ್‌ನ ಶಾಖ. ಕೊನೆಯ ಎರಡು ನಿಮ್ಮ ಕಾರಿನಲ್ಲಿ ಸಿಗದಿದ್ದರೆ ಉಳಿದವುಗಳಲ್ಲೇ ಸುಧಾರಿಸಿ. ಅಗ್ಗದ ಡಾಂಗಲ್‌ಗೆ ಹತ್ತು ಹದಿನೈದು ಅಂಕಿ ಕೇಳಿದರೆ ಒಂದೊಂದೂ ಎರಡು ಮೂರು ಸೆಕೆಂಡಿಗೊಮ್ಮೆ ಬರುತ್ತದೆ, ನಿಮಗೆ ಬೇಕಾದ ಗಳಿಗೆ ಅಷ್ಟರಲ್ಲಿ ಕಳೆದುಹೋಗಿರುತ್ತದೆ. ಐದೇ ಕೇಳಿ.

ಇವುಗಳಿಂದ ನೀವೇ ಕಟ್ಟಿಕೊಳ್ಳಬೇಕಾದ ಎರಡು ಅಂಕಿಗಳನ್ನೂ ಹೇಳುತ್ತೇನೆ. ಒಂದು, ಎಂಜಿನ್ ಸ್ಟಾರ್ಟ್ ಆಗಿ ಎಷ್ಟು ಹೊತ್ತಾಯಿತು. ತಣ್ಣಗಿನ ಕನ್ವರ್ಟರ್ ಏನೂ ಮಾಡುವುದಿಲ್ಲ, ಅಮೋನಿಯಾವನ್ನೂ ಮಾಡುವುದಿಲ್ಲ. ಅದು ಕಾಯುವ ಹೊತ್ತಿಗೆ ಮಿಶ್ರಣ ಇನ್ನೂ ರಿಚ್ ಇದ್ದರೆ ದೊಡ್ಡ ಶಿಖರ ಬರುತ್ತದೆ. ಎರಡು, ಕೊನೆಯ ಸಲ ಪೆಟ್ರೋಲ್ ಕಟ್ ಆಗಿ ಎಷ್ಟು ಹೊತ್ತಾಯಿತು. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು ಇಳಿಯುವುದನ್ನು ನೆನೆಯಿರಿ. ಗೇರಿನಲ್ಲಿಟ್ಟು ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಬರೀ ಗಾಳಿ ಹರಿದು ಕನ್ವರ್ಟರ್ ಆಮ್ಲಜನಕದಿಂದ ತುಂಬಿಹೋಗುತ್ತದೆ. ತಿರುವು ಮುಗಿದು ಮತ್ತೆ ಕಾಲಿಟ್ಟಾಗ, ಆ ಹೆಚ್ಚುವರಿ ಆಮ್ಲಜನಕ ಖಾಲಿ ಮಾಡಲು ಕಂಪ್ಯೂಟರ್ ಬೇಕೆಂದೇ ಕೆಲಗಳಿಗೆ ಪೆಟ್ರೋಲ್ ಹೆಚ್ಚು ಕೊಡುತ್ತದೆ. ಅದು ಹದ ಮೀರಿದರೆ ಇಳಿಜಾರಿನಲ್ಲೂ ಅಮೋನಿಯಾ.

ಮಾಡೆಲ್ ಯಾವುದು ಎಂಬುದು ನನಗೆ ಕೊನೆಯ ಪ್ರಶ್ನೆ. ರ‍್ಯಾಂಡಮ್ ಫಾರೆಸ್ಟ್ (ಹಲವು ನಿರ್ಧಾರ ವೃಕ್ಷಗಳ ಸರಾಸರಿ ತೆಗೆದು ಹೇಳುವ ವಿಧಾನ) ಸಾಕು. ಪರೀಕ್ಷೆ ಹೇಗೆ ಮಾಡುತ್ತೀರಿ ಎಂಬುದೇ ಮುಖ್ಯ. ಸೆಕೆಂಡು ಸೆಕೆಂಡಿನ ಅಳತೆ ಸಿಕ್ಕ ತಂಡಗಳು ಸಾಲುಗಳನ್ನು ಕಲಸಿ ಶೇಕಡಾ ಎಂಬತ್ತನ್ನು ಕಲಿಸಲು, ಇಪ್ಪತ್ತನ್ನು ಪರೀಕ್ಷಿಸಲು ಇಟ್ಟುಕೊಳ್ಳುತ್ತವೆ. 101ನೇ ಸೆಕೆಂಡು ಗೊತ್ತಿರುವ ಮಾಡೆಲ್‌ಗೆ 102ನೆಯದು ಹೇಳುವುದು ದೊಡ್ಡ ವಿಷಯವೇ? ಇಡೀ ಓಟವನ್ನೇ ಪಕ್ಕಕ್ಕಿಡಿ, ಮಾಡೆಲ್ ಅದನ್ನು ಎಂದೂ ಕಂಡಿರಬಾರದು. ಇನ್ನೊಂದು ಮಾತು: ರ‍್ಯಾಂಡಮ್ ಫಾರೆಸ್ಟ್ ತಾನು ಕಂಡ ಗರಿಷ್ಠಕ್ಕಿಂತ ಮೇಲೆ ಹೇಳಲಾರದು. ಉಡುಪಿಯ ಸಮತಟ್ಟಿನಲ್ಲಿ ಕಲಿತದ್ದನ್ನು ಘಾಟಿಗೆ ಒಯ್ದರೆ ಮುಗ್ಗರಿಸುತ್ತದೆ. ನಿಮ್ಮ ಬಳಿ ಇರುವುದು ಬಾಟಲಿಯ ಮೊತ್ತ ಆದ್ದರಿಂದ, ತುಂಡಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವ ಸರಳ ಸಮೀಕರಣವೇ ಸಾಕು: ಹಿಂದಿನ ಸೆನ್ಸರ್ ರಿಚ್ ತೋರಿಸಿದ ಹೊತ್ತಿನಲ್ಲಿ ಹಾದುಹೋದ ಒಟ್ಟು ಗಾಳಿ ಎಷ್ಟು, ಅದಕ್ಕೆದುರಾಗಿ ಬಾಟಲಿಯ ಅಮೋನಿಯಾ ಎಷ್ಟು. ಮೂವತ್ತು ತುಂಡುಗಳ ಅಂಕಿ ಸಿಕ್ಕಿದರೆ ಇದು ಗಟ್ಟಿ ಪ್ರಾಜೆಕ್ಟ್. ವರದಿಯಲ್ಲಿ ಇದು ಈ ಒಂದು ಕಾರಿನ ಮಾಡೆಲ್ ಎಂದು ಸ್ಪಷ್ಟವಾಗಿ ಬರೆಯಿರಿ. ಪಕ್ಕದ ಮನೆಯ ಕಾರಿನ ಕನ್ವರ್ಟರ್‌ನ ವಯಸ್ಸೇ ಬೇರೆ.

ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟೆಲ್ಲ ಯಾಕೆ ಎಂದು ಗೈಡ್ ಕೇಳಿದರೆ ಹೇಳಿ: ಅಮೋನಿಯಾ ಗಾಳಿಯಲ್ಲಿನ ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಮ್ಲಗಳ ಜೊತೆ ಸೇರಿ ಪಿಎಂ 2.5 ಎಂಬ, ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣವಾಗುತ್ತದೆ. ದೇಶದ ಒಟ್ಟು ಅಮೋನಿಯಾದಲ್ಲಿ ಹಟ್ಟಿ ಮತ್ತು ಯೂರಿಯಾ ಗೊಬ್ಬರದ್ದೇ ದೊಡ್ಡ ಪಾಲು. ಆದರೆ ಕಾರಿನದ್ದು ಹೊರಬೀಳುವುದು ಜನ ಉಸಿರಾಡುವ ಎತ್ತರದಲ್ಲಿ, ಮಂಗಳೂರಿನ ನಂತೂರು, ಪಂಪ್‌ವೆಲ್‌ನಂಥ ಕಡೆ, ಆಮ್ಲವಾಗುವ ಅನಿಲಗಳ ಜೊತೆಜೊತೆಗೇ. ನಮ್ಮ ಶಾಖಕ್ಕೆ ಅಮೋನಿಯಂ ನೈಟ್ರೇಟ್ ಮತ್ತೆ ಅನಿಲವಾಗಿ ಒಡೆಯುವುದು ಸುಲಭ, ಆದ್ದರಿಂದ ಉತ್ತರ ಭಾರತದ ಚಳಿಗಾಲದ ಚಿತ್ರವನ್ನು ಇಲ್ಲಿಗೆ ಹಾಗೇ ತರಬೇಡಿ. ಅಮೋನಿಯಂ ಸಲ್ಫೇಟ್ ಮಾತ್ರ ಸೆಖೆಗೂ ಜಗ್ಗದೆ ಉಳಿಯುತ್ತದೆ.

ಇದನ್ನು ಓದಿ ಯಾರಾದರೂ ಹಾಗಾದರೆ ಕನ್ವರ್ಟರ್ ಕಿತ್ತುಹಾಕೋಣ ಎಂದಾರು. ಪಿಕಪ್ ಹೆಚ್ಚುತ್ತದೆ ಎಂದು ತೆಗೆದುಕೊಡುವ ಗ್ಯಾರೇಜುಗಳೂ ಇವೆ. ದಯವಿಟ್ಟು ಬೇಡ. ಅಮೋನಿಯಾ ನಿಲ್ಲುತ್ತದೆ, ಅದರ ಹತ್ತಾರು ಪಟ್ಟು ಕಾರ್ಬನ್ ಮೊನಾಕ್ಸೈಡ್ ಮತ್ತು ನೈಟ್ರಿಕ್ ಆಕ್ಸೈಡ್ ಬೀದಿಗೆ ಬರುತ್ತದೆ. ನಿಮ್ಮ ತಂದೆಯ ಕಾರಿನಲ್ಲಿ ಸಮ ರಸ್ತೆಯಲ್ಲೂ ಹಿಂದಿನ ಸೆನ್ಸರ್ ಸದಾ 0.8ರ ಮೇಲೇ ಇದ್ದರೆ, ಇಂಜೆಕ್ಟರ್, ಮುಂದಿನ ಸೆನ್ಸರ್ ಎರಡನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಕೊನೆಗೆ ಸುರಕ್ಷತೆ, ಇದನ್ನು ನಾಲ್ವರೂ ಓದಿ. ಕಾರನ್ನು ಉರುಳೆಗಳ ಮೇಲೆ ನಿಂತಲ್ಲೇ ಓಡಿಸುವ ಚಾಸಿ ಡೈನಮೋಮೀಟರ್ ಇರುವ ಲ್ಯಾಬ್ ಸಿಕ್ಕಿದರೆ ಅಲ್ಲೇ ಮಾಡಿ. ರಸ್ತೆಯಲ್ಲೇ ಮಾಡಬೇಕಾಗಿ ಬಂದರೆ ಟ್ಯೂಬಿಗೆಂದು ಡಿಕ್ಕಿ ಅರ್ಧ ತೆರೆದಿಟ್ಟು ಓಡಿಸಬೇಡಿ, ಓಡುವ ಕಾರಿನ ಹಿಂಭಾಗದಿಂದ ಹೊಗೆ ಒಳಕ್ಕೇ ಎಳೆದುಕೊಳ್ಳುತ್ತದೆ. ಟ್ಯೂಬು ಹಾಯುವ ಸಂದನ್ನು ರಬ್ಬರ್ ಹಾಕಿ ಮುಚ್ಚಿ, ಪಂಪಿನಿಂದ ಹೊರಬರುವ ಅನಿಲಕ್ಕೂ ಒಂದು ಟ್ಯೂಬು ಹಾಕಿ ಹೊರಗೆ ಬಿಡಿ, ನಾಲ್ಕೂ ಕಿಟಕಿ ಇಳಿಸಿ. ಹಿಂದಿನ ಸೀಟಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಅದು ಕೂಗಿತೆಂದರೆ ಎಷ್ಟನೇ ನಿಮಿಷ, ಯಾವ ತುಂಡು ಎಂದು ನೋಡುತ್ತ ಕೂರದೆ ಕಾರು ನಿಲ್ಲಿಸಿ ಇಳಿದುಬಿಡಿ, ಬಾಟಲಿ ಚೆಲ್ಲಿದರೂ ಚೆಲ್ಲಲಿ.